ಹಗ್ಗದ ದಾರಿ, ಪಾವಟಿಗೆಯ ದಾರಿ

ಸೊಲ್ಲಾಪುರದ ಸುತ್ತ ಎಲ್ಲಿ ನೋಡಿದರೂ ಬಯಲು. ಬೇಸಿಗೆಯಲ್ಲಿ 44 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಕೂತು ಹಿಮದ ಮೇಲೆ ಜಾರುವವರ ಲಿಫ್ಟಿನ ಕಥೆ ಬರೆಯುವುದು ತುಸು ತಮಾಷೆಯಾಗಿ ಕಾಣಬಹುದು. ಆದರೆ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳು ನಡೆದುಕೊಳ್ಳುವ ದೇವರುಗಳಲ್ಲಿ ಬಹಳಷ್ಟು ಗುಡ್ಡದ ಮೇಲಿನವು. ಸವದತ್ತಿಯ ಎಲ್ಲಮ್ಮ, ಜೇಜುರಿಯ ಖಂಡೋಬ, ಕೊಲ್ಹಾಪುರದ ಬಳಿಯ ಜೋತಿಬಾ, ವಣಿಯ ಸಪ್ತಶೃಂಗಿ. ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ದತ್ತಾವತಾರವೆಂದು ನಂಬಿದವರಿಗಂತೂ ಗುಜರಾತಿನ ಗಿರನಾರ ಒಮ್ಮೆಯಾದರೂ ಹತ್ತಲೇಬೇಕಾದ ಬೆಟ್ಟ. ಈಗೀಗ ಯಾತ್ರೆಯ ಮಾತು ಬಂದರೆ ಮನೆಯ ಹಿರಿಯರು ಮೊದಲು ಕೇಳುವುದು ‘ಅಲ್ಲಿ ರೋಪ್‌ವೇ ಆಗೇದೇನು?’ ಎಂದು. ಆಗಿದ್ದರೆ ಅದು ಎಲ್ಲಿಯವರೆಗೆ ಒಯ್ಯುತ್ತದೆ, ಅಲ್ಲಿಂದ ಮುಂದೇನು ಎಂಬ ಎರಡನೆಯ ಪ್ರಶ್ನೆ ಕೇಳುವವರು ಕಡಿಮೆ. ಯೋಜನೆ ಹಾಕುವವರೂ ಅದನ್ನು ಸಾಕಷ್ಟು ಕೇಳುತ್ತಿಲ್ಲ ಎಂಬುದು ನನ್ನ ತಕರಾರು.

ಹಗ್ಗ ಕಟ್ಟಿ ಭಾರ ಸಾಗಿಸುವ ಉಪಾಯ ಹಳೆಯದು. 1644ರಲ್ಲಿ ಡಾನ್‌ಜಿಗ್ ನಗರದ, ಅಂದರೆ ಇಂದಿನ ಪೋಲೆಂಡಿನ ಗ್ದಾನ್ಸ್ಕ್‌ನ, ಕೋಟೆಯ ಕೆಲಸಕ್ಕೆ ಆಡಮ್ ವೀಬೆ ಎಂಬ ಎಂಜಿನಿಯರು ಕಂಬಗಳ ಮೇಲೆ ಸುತ್ತುತ್ತಲೇ ಇರುವ ಹಗ್ಗಕ್ಕೆ ಬುಟ್ಟಿ ಕಟ್ಟಿ ಪಕ್ಕದ ಗುಡ್ಡದ ಮಣ್ಣು ತರಿಸಿದ. ನಾರಿನ ಹಗ್ಗದ ಶಕ್ತಿ ಅಷ್ಟಕ್ಕಷ್ಟೇ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದ ಮೇಲೆ ಈ ವಿದ್ಯೆಗೆ ಬಲ ಬಂತು. ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಹಗ್ಗದ ಮೇಲೆ ಸಾಗತೊಡಗಿದವು. ನಮ್ಮಲ್ಲೂ ಮೊದಲು ಬಂದದ್ದು ಸರಕಿನ ರೋಪ್‌ವೇಗಳೇ. ಡಾರ್ಜಿಲಿಂಗ್‌ನಿಂದ ಬಿಜನ್‌ಬಾರಿಗೆ 1939ರಲ್ಲೇ ಹಾಕಿದ್ದರು.

ಮನುಷ್ಯರನ್ನು ಗುಡ್ಡ ಹತ್ತಿಸುವ ಲೆಕ್ಕಾಚಾರ ಬೆಳೆದದ್ದು ಮಾತ್ರ ಹಿಮದ ನಾಡುಗಳಲ್ಲಿ. 1908ರಲ್ಲಿ ಜರ್ಮನಿಯ ಕಪ್ಪುಕಾಡು ಸೀಮೆಯ ಶೋಲಾಖ್ ಎಂಬ ಹಳ್ಳಿಯಲ್ಲಿ ರಾಬರ್ಟ್ ವಿಂಟರ್‌ಹಾಲ್ಡರ್ ನೀರಿನ ಗಿರಣಿಯ ಶಕ್ತಿಯಿಂದ ಹಗ್ಗ ತಿರುಗಿಸಿ ಸ್ಕೀ ಕಟ್ಟಿಕೊಂಡವರನ್ನು ಎಳೆದ. 1934ರಲ್ಲಿ ದಾವೋಸ್‌ನಲ್ಲಿ ಎರ್ನ್‌ಸ್ಟ್ ಕೊನ್‌ಸ್ಟಾಮ್‌ನ ಎಳೆಲಿಫ್ಟ್ ಬಂತು. 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಮೊದಲ ಕುರ್ಚಿ ಲಿಫ್ಟ್ ಓಡಿತು. ಅದನ್ನು ರೂಪಿಸಿದ ಜೇಮ್ಸ್ ಕರನ್ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಎಂಜಿನಿಯರು. ಹಡಗಿಗೆ ಬಾಳೆಗೊನೆ ಏರಿಸುವ ಕೊಕ್ಕೆಗಳ ಸಾಲನ್ನು ಕಂಡಿದ್ದ ಆತ ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟ.

ಆಮೇಲೆ ಇಳಿಯುವ ದಾರಿಯ ಸರದಿ. ಜಾರುವವರು ಇಳಿಯಲು ಸಿದ್ಧಮಾಡಿದ ಇಳಿಜಾರಿಗೆ ಪಿಸ್ಟ್ ಎನ್ನುತ್ತಾರೆ. ಮೊದಮೊದಲು ಅದು ಬರೀ ಮರ ಕಡಿದ ಪಟ್ಟಿ. 1950ರ ಸುಮಾರಿಗೆ ಅಮೆರಿಕದಲ್ಲಿ ಹಿಮ ತುಳಿದು ಸಮ ಮಾಡುವ ಯಂತ್ರವೂ ಕೃತಕ ಹಿಮ ಚಿಮ್ಮಿಸುವ ಯಂತ್ರವೂ ಬಂದವು. ಯುರೋಪು ಕಷ್ಟಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು, ಕಪ್ಪು ಬಣ್ಣ ಕೊಟ್ಟು ದಾರಿಗಳನ್ನು ಗುರುತಿಸಿತು. 1975ರಲ್ಲಿ ಕೆನಡಾದ ವಿಸ್ಲರ್‌ನಲ್ಲಿ ಪಾಲ್ ಮ್ಯಾಥ್ಯೂಸ್ ಶುರುಮಾಡಿದ ಇಕೋಸೈನ್‌ನಂಥ ಸಂಸ್ಥೆಗಳಿಗೆ ಇಡೀ ಬೆಟ್ಟದ ಯೋಜನೆ ಹಾಕುವುದೇ ಕಸುಬಾಯಿತು.

ಇವರೆಲ್ಲ ಹಿಡಿದ ಲೆಕ್ಕ ಸರಳ, ಆದರೆ ನಮ್ಮವರು ಕಲಿಯಬೇಕಾದ್ದು ಅದನ್ನೇ. ನಾಲ್ಕು ಜನ ಕೂರುವ ಕುರ್ಚಿ ಆರು ಸೆಕೆಂಡಿಗೊಂದು ಬಂದರೆ ತಾಸಿಗೆ 600 ಕುರ್ಚಿ, 2,400 ಜನ. ಹಗ್ಗದ ವೇಗ ಎರಡು ಪಟ್ಟು ಮಾಡಿ, ಕುರ್ಚಿ ಬರುವ ಅಂತರವನ್ನು ಆರು ಸೆಕೆಂಡಿಗೇ ಇಟ್ಟರೆ? ಪ್ರಯಾಣದ ಹೊತ್ತು ಅರ್ಧವಾಗುತ್ತದೆ, ತಾಸಿಗೆ ಏರುವವರು ಮಾತ್ರ ಅದೇ 2,400. ವೇಗ ಹೆಚ್ಚಿದರೆ ಕೆಳಗಿನ ಪಾಳಿ ಕರಗುವುದಿಲ್ಲ. ಪಾಳಿ ಕರಗಬೇಕೆಂದರೆ ಕುರ್ಚಿ ದೊಡ್ಡದಾಗಬೇಕು ಇಲ್ಲವೇ ಅಂತರ ಕಡಿಮೆಯಾಗಬೇಕು. ಹಾಗೆ ಮಾಡಿದ ಮರುದಿನವೇ ಪಾಳಿ ಬೆಟ್ಟದ ತುದಿಗೆ ಹೋಗಿ ನಿಲ್ಲುತ್ತದೆ. ಇಳಿಯುವ ಪಿಸ್ಟ್ ಹಳೆಯ ಅಗಲದಲ್ಲೇ ಇದ್ದು ಅದರ ಮೇಲೆ ಎರಡು ಪಟ್ಟು ಜನ ಬಿದ್ದರೆ ಡಿಕ್ಕಿಗಳು ಶುರು. ಆದ್ದರಿಂದ ಒಳ್ಳೆಯ ಯೋಜಕರು ಮೇಲಿನಿಂದ ಲೆಕ್ಕ ಹಿಡಿಯುತ್ತಾರೆ. ಪಿಸ್ಟ್ ಎಷ್ಟು ಜನರನ್ನು ತಾಳುತ್ತದೆ, ದಾರಿಗಳು ಕೂಡುವ ಇಕ್ಕಟ್ಟಿನ ಜಾಗ ಯಾವುದು, ಊಟದ ಮನೆ, ಶೌಚಾಲಯ, ಗಾಡಿ ನಿಲ್ಲುವ ಜಾಗ ಎಷ್ಟು ಎಂದು ನೋಡಿ ಕೊನೆಗೆ ಲಿಫ್ಟಿನ ಗಾತ್ರ ತೀರ್ಮಾನಿಸುತ್ತಾರೆ.

ಇದು ಬರೀ ಬೆಟ್ಟದ ಮಾತಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಈಗ ನಾಲ್ಕು ಪಥದ ಹೆದ್ದಾರಿ. ನಲವತ್ತು ಕಿಲೋಮೀಟರು ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ. ಆದರೆ ವಟವೃಕ್ಷ ದೇವಸ್ಥಾನದ ಸುತ್ತಣ ಓಣಿಗಳು ಮೊದಲಿದ್ದಷ್ಟೇ ಅಗಲ. ಗುರುವಾರ, ದತ್ತ ಜಯಂತಿಗಳಲ್ಲಿ ಹೆದ್ದಾರಿ ಉಳಿಸಿಕೊಟ್ಟ ಹೊತ್ತನ್ನು ಓಣಿ ವಸೂಲಿ ಮಾಡಿಕೊಳ್ಳುತ್ತದೆ. ಲಿಫ್ಟ್ ಬದಲಾಗಿದೆ, ಪಿಸ್ಟ್ ಬದಲಾಗಿಲ್ಲ.

ಭಾರತದಲ್ಲಿ ಜನರನ್ನು ಒಯ್ಯುವ ಹಗ್ಗದ ದಾರಿಗಳು ಹೆಚ್ಚಾಗಿ ಬೆಳೆದದ್ದು ದೇವರ ಹೆಸರಿನಲ್ಲಿ. 1966ರಲ್ಲಿ ಪಳನಿಯಲ್ಲಿ ವಿಂಚ್ ಬಂತು, ಹಳಿಯ ಮೇಲೆ ಹಗ್ಗ ಎಳೆಯುವ ಡಬ್ಬಿ. ಜಪಾನಿನ ಬೌದ್ಧ ಭಿಕ್ಷು ಫುಜಿ ಗುರೂಜಿ ಅವರ ನೆರವಿನಿಂದ ಬಿಹಾರದ ರಾಜಗೀರ್‌ನಲ್ಲಿ ಒಬ್ಬೊಬ್ಬರೇ ಕೂರುವ ಕುರ್ಚಿ ಲಿಫ್ಟ್ ಬಂತು. ಅದು ಯಾರಿಗೂ ನಿಲ್ಲುವುದಿಲ್ಲ. ನೆಲಕ್ಕೆ ಬರೆದ ಗುರುತಿನ ಮೇಲೆ ನಿಂತು, ಹಿಂದಿನಿಂದ ಬಂದ ಕುರ್ಚಿ ಮೊಣಕಾಲಿಗೆ ತಾಗುತ್ತಲೇ ಕೂತುಬಿಡಬೇಕು. ಕೆಲಸದವನು ಅಡ್ಡಕಂಬಿ ಹಾಕುವಷ್ಟರಲ್ಲಿ ಕಾಲಿನಡಿಯ ನೆಲ ಹೋಗಿರುತ್ತದೆ. ಹಗ್ಗಕ್ಕೆ ಕುರ್ಚಿಯನ್ನು ಗಟ್ಟಿಯಾಗಿ ಬಿಗಿದ ಈ ಪದ್ಧತಿಯಲ್ಲಿ ವೇಗ ಹೆಚ್ಚಿಸಲು ಬರುವುದಿಲ್ಲ, ಯಾಕೆಂದರೆ ಹತ್ತುವ ವೇಗವೇ ಓಡುವ ವೇಗ. ಗೊಂಡೋಲಾ ಎಂಬ ಹೊಸ ಬಗೆಯ ಮುಚ್ಚಿದ ಡಬ್ಬಿಯ ರೋಪ್‌ವೇಗಳಲ್ಲಿ ನಿಲ್ದಾಣಕ್ಕೆ ಬಂದ ಡಬ್ಬಿಯ ಹಿಡಿತ ಬಾಯಿ ತೆರೆದು ಹಗ್ಗವನ್ನು ಬಿಡುತ್ತದೆ. ಸಾಲಾಗಿ ಕೂಡಿಸಿದ ಟೈರುಗಳು ಡಬ್ಬಿಯನ್ನು ಆಮೆಯ ನಡಿಗೆಗೆ ತರುತ್ತವೆ, ಜನ ಇಳಿದು ಹತ್ತುತ್ತಾರೆ, ಮತ್ತೆ ಟೈರುಗಳೇ ವೇಗ ಕೊಟ್ಟು ಡಬ್ಬಿಯನ್ನು ಹಗ್ಗಕ್ಕೆ ಕಚ್ಚಿಸುತ್ತವೆ. ಮುದುಕರು, ಮಕ್ಕಳು, ಸೀರೆ ಉಟ್ಟವರು ಹತ್ತಬೇಕಾದ ಕಡೆ ಇದೇ ಸರಿ.

ನಿಜವಾದ ಸ್ಕೀ ಬೆಟ್ಟ ನಮ್ಮಲ್ಲಿ ಗುಲ್ಮಾರ್ಗ್. ಅಲ್ಲಿನ ಗೊಂಡೋಲಾದ ಮೊದಲ ಹಂತ, ಕೊಂಗ್‌ದೂರಿಯವರೆಗೆ, 1998ರಲ್ಲಿ ಮುಗಿಯಿತು; ಎರಡನೆಯದು 2005ರಲ್ಲಿ ಅಫರ್ವತ್ ಪರ್ವತದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಮುಟ್ಟಿತು. ಕಡಿಮೆ ಪಳಗಿದವರಿಗಾಗಿ 2011ರಲ್ಲಿ ಕುರ್ಚಿ ಲಿಫ್ಟ್ ಸೇರಿತು. ಗೊಂಡೋಲಾದ ಸಾಮರ್ಥ್ಯ ತಾಸಿಗೆ 600 ಜನ. ಬರೀ ಸ್ಕೀಗೆಂದೇ ಇರುವ ಬೆಟ್ಟಗಳಲ್ಲಿ ಇಲ್ಲದ ತೊಡಕೊಂದು ಇಲ್ಲಿದೆ. ಸ್ಕೀ ಮಾಡುವವನು ಹತ್ತಲು ಮಾತ್ರ ಡಬ್ಬಿ ಬಳಸುತ್ತಾನೆ, ಇಳಿಯುವುದು ತನ್ನ ಕಾಲಿನ ಮೇಲೆ. ನಮ್ಮೂರಿನಂಥ ಊರಿನಿಂದ ಹಿಮ ನೋಡಲು ಹೋದವರು ಹತ್ತುವುದಕ್ಕೂ ಇಳಿಯುವುದಕ್ಕೂ ಅದನ್ನೇ ಬಳಸುತ್ತಾರೆ. ಗುಲ್ಮಾರ್ಗದ ಯೋಜನೆ ಎಂದರೆ ಈ ಎರಡು ಜಾತಿಯ ಜನರ ಪಾಳಿಯನ್ನು ಬೇರೆ ಮಾಡುವ ಯೋಜನೆ. ಹಿಮದ ಭರವಸೆಯೂ ಈಗ ಕಡಿಮೆ: 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲವೆಂದು ಮಾರ್ಚಿಗೆ ಮುಂದೂಡಿದರು. ಉತ್ತರಾಖಂಡದ ಔಲಿಗೆ ಜೋಶಿಮಠದಿಂದ ಹೋಗುವ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇಯಂತೂ 2023ರ ಜನವರಿಯಲ್ಲಿ ಊರೇ ಬಿರುಕು ಬಿಟ್ಟಾಗ ನಿಂತಿತು.

ಮಹಾರಾಷ್ಟ್ರದ ಕಥೆ ರಾಯಗಡದಿಂದ. 1996ರಲ್ಲಿ ಹಿರಕಣಿವಾಡಿಯಿಂದ ಕೋಟೆಗೆ ರೋಪ್‌ವೇ ಆಯಿತು. ಮಗುವಿಗೆ ಹಾಲು ಕುಡಿಸಲು ಕತ್ತಲಲ್ಲಿ ಕಡಿದಾದ ಬಂಡೆ ಇಳಿದ ಗೌಳಿಗರ ಹಿರಕಣಿಯ ಹೆಸರಿನ ಊರಿನಿಂದಲೇ ಈಗ ನಾಲ್ಕೈದು ನಿಮಿಷದಲ್ಲಿ ಮೇಲೆ. ಒಂದು ಕಡೆಯ ಡಬ್ಬಿಗಳು ಏರುವಾಗ ಇನ್ನೊಂದು ಕಡೆಯವು ಇಳಿಯುವ ಜೋಡಿ ಪದ್ಧತಿ ಅಲ್ಲಿಯದು. ಇಂಥದ್ದರಲ್ಲಿ ದಾರಿ ಉದ್ದವಾದಷ್ಟೂ ತಾಸಿಗೆ ಒಯ್ಯುವ ಜನ ಕಡಿಮೆ. ಶಿವರಾಜ್ಯಾಭಿಷೇಕದ ದಿನದ ಜನಸಾಗರಕ್ಕೆ ಅದು ಎಲ್ಲಿಗೂ ಸಾಲದು, ಅಂದು ದುಡಿಯುವುದು ಪಾವಟಿಗೆಗಳೇ. ಸಪ್ತಶೃಂಗಿಯಲ್ಲಿ 2018ರಲ್ಲಿ ಪಳನಿಯ ವಿಂಚಿನಂತೆಯೇ ಹಳಿಯ ಮೇಲೆ ಹಗ್ಗ ಎಳೆಯುವ ಫನಿಕ್ಯುಲರ್ ಟ್ರಾಲಿ ಬಂತು. ದೇಶದಲ್ಲೇ ಮೊದಲನೆಯದು ಎಂದು ಸಾರಿದರು, ಪಳನಿಯವರು ನಕ್ಕಿರಬೇಕು. ಆದರೂ ಐನೂರರಷ್ಟು ಪಾವಟಿಗೆಯ ಎತ್ತರಕ್ಕೆ ಹಗ್ಗದಲ್ಲಿ ತೂಗುವುದಕ್ಕಿಂತ ಹಳಿಯ ಮೇಲೆ ಕೂರುವುದು ಬುದ್ಧಿವಂತಿಕೆಯ ಆಯ್ಕೆ. ಗಾಳಿಗೆ ಅಂಜಬೇಕಿಲ್ಲ, ಕೆಟ್ಟು ನಿಂತರೆ ಜನ ನಡೆದು ಇಳಿಯಬಹುದು.

ಗಿರನಾರದ ಮಾತಿಗೆ ಬರೋಣ. 1980ರ ದಶಕದಿಂದ ಕಾಗದದಲ್ಲೇ ಇದ್ದ ರೋಪ್‌ವೇ 2020ರ ಅಕ್ಟೋಬರ್ 24ರಂದು ಶುರುವಾಯಿತು. ಉದ್ದ 2.3 ಕಿ.ಮೀ., ಎಂಟು ಜನರ ಡಬ್ಬಿಗಳು, ತಾಸಿಗೆ 800 ಜನ. ಎಂದರೆ 36 ಸೆಕೆಂಡಿಗೊಂದು ಡಬ್ಬಿ. ಅದು ಒಯ್ಯುವುದು ಅಂಬಾಜಿಯ ಗುಡಿಯವರೆಗೆ, ಎಂದರೆ ಹತ್ತು ಸಾವಿರದಷ್ಟಿರುವ ಪಾವಟಿಗೆಗಳ ಸರಿಸುಮಾರು ಅರ್ಧಕ್ಕೆ. ಅಕ್ಕಲಕೋಟೆಯಿಂದ ಹೋದವರಿಗೆ ಬೇಕಾದ್ದು ಅಂಬಾಜಿಯ ದರ್ಶನವಷ್ಟೇ ಅಲ್ಲ, ದತ್ತಶಿಖರದ ಮೇಲಿನ ದತ್ತಪಾದುಕೆ. ಅಂಬಾಜಿಯಿಂದ ಗೋರಖನಾಥ ಶಿಖರ ಹತ್ತಬೇಕು, ಅದೇ ಎಲ್ಲಕ್ಕೂ ಎತ್ತರ; ಅಲ್ಲಿಂದ ಕಮಂಡಲು ಕುಂಡದ ಕವಲಿನವರೆಗೆ ಇಳಿಯಬೇಕು; ಮತ್ತೆ ದತ್ತಶಿಖರ ಹತ್ತಬೇಕು. ಬರುವಾಗ ಇದೆಲ್ಲ ತಿರುಗುಮುರುಗು. ಮೊದಲು ಈ ದಾರಿಗೆ ಬರುತ್ತಿದ್ದವರು ನಡುರಾತ್ರಿ ಬೆಟ್ಟದ ಬುಡದ ತಳೇಟಿಯಲ್ಲಿ ಕೋಲು ಹಿಡಿದು ಹೊರಟು ನಸುಕಿನಲ್ಲಿ ಪಾದುಕೆ ಮುಟ್ಟುತ್ತಿದ್ದವರು. ಮೊದಲ ಸಾವಿರ ಪಾವಟಿಗೆಯಲ್ಲೇ ಯಾರಿಂದ ಆಗುತ್ತದೆ, ಯಾರಿಂದ ಆಗದು ಎಂದು ಗೊತ್ತಾಗುತ್ತಿತ್ತು. ಈಗ ಆ ಪರೀಕ್ಷೆಯೇ ಇಲ್ಲದೆ ದಣಿಯದ ಕಾಲಿನಲ್ಲಿ ಅಂಬಾಜಿಗೆ ಬಂದಿಳಿದವರು ‘ಇಷ್ಟು ಬಂದೀವಿ, ಅದೊಂದು ಬ್ಯಾಡೇನು’ ಎಂದು ಬಿಸಿಲಲ್ಲಿ ಮುಂದೆ ಹೊರಡುತ್ತಾರೆ. ಪಾದುಕೆಯ ಗುಡಿ ಕೈಬೆರಳೆಣಿಕೆಯ ಜನ ನಿಲ್ಲುವಷ್ಟು. ಹಗ್ಗ ತಂದ ಜನ ಅಲ್ಲಿನ ಕಡಿದಾದ ಪಾವಟಿಗೆಯ ಮೇಲೆ ನಿಲ್ಲಬೇಕಾಗುತ್ತದೆ. ರೋಪ್‌ವೇ ಬೇಡಿತ್ತು ಎಂದು ನಾನು ಹೇಳುವುದಿಲ್ಲ. ಮೊಣಕಾಲು ಸವೆದ ನೂರಾರು ತಾಯಂದಿರಿಗೆ ಅಂಬಾಜಿ ಸಿಕ್ಕಿದ್ದು ಅದರಿಂದಲೇ. ಆದರೆ ಅಂಬಾಜಿಯಿಂದ ದತ್ತಶಿಖರದವರೆಗಿನ ನೆರಳು, ನೀರು, ಕೈಗಂಬಿ, ಹೋಗಲು ಬರಲು ಬೇರೆ ಸಾಲು ಇವೆಲ್ಲ ರೋಪ್‌ವೇಯ ಖರ್ಚಿನೊಳಗೇ ಸೇರಬೇಕಾದ ಬಾಬತ್ತು. ಡೋಲಿ ಹೊರುವವರ ಲೆಕ್ಕವೂ ಹಾಗೆಯೇ. ಕೆಳಗಿನ ಅರ್ಧದ ದುಡಿಮೆ ಹಗ್ಗಕ್ಕೆ ಹೋಯಿತು, ಅವರಿಗೆ ಉಳಿದದ್ದು ಮೇಲಿನ ಕಷ್ಟದ ಅರ್ಧ.

ಅಪಘಾತಗಳೂ ಈ ಚರಿತ್ರೆಯ ಭಾಗ. 2017ರ ಜೂನ್‌ನಲ್ಲಿ ಗುಲ್ಮಾರ್ಗದಲ್ಲಿ ಗಾಳಿಗೆ ಬುಡಮೇಲಾದ ಮರ ಹಗ್ಗದ ಮೇಲೆ ಬಿದ್ದು ಏಳು ಜನ ಸತ್ತರು. 2022ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ದೇವಘರ್ ಬಳಿಯ ತ್ರಿಕೂಟದಲ್ಲಿ ಡಬ್ಬಿಗಳು ಡಿಕ್ಕಿಯಾಗಿ, ನೇತಾಡುತ್ತಿದ್ದವರನ್ನು ಹೆಲಿಕಾಪ್ಟರಿನಿಂದ ಇಳಿಸಲು ನಲವತ್ತು ತಾಸಿಗೂ ಹೆಚ್ಚು ಹಿಡಿಯಿತು. ಆಮೇಲೆ ಕೇಂದ್ರವು ಎಲ್ಲ ರೋಪ್‌ವೇಗಳ ಸುರಕ್ಷತೆ ತಪಾಸಿಸಲು ರಾಜ್ಯಗಳಿಗೆ ಹೇಳಿತು. ಹಗ್ಗ ನಿಂತರೆ ಜನ ಯಾವ ದಾರಿಯಿಂದ ಇಳಿಯುತ್ತಾರೆ ಎಂಬುದು ಕಂಬ ನೆಡುವ ಮೊದಲೇ ನಕ್ಷೆಯಲ್ಲಿರಬೇಕು.

2022ರ ಬಜೆಟ್‌ನಲ್ಲಿ ಬಂದ ಪರ್ವತಮಾಲಾ ಯೋಜನೆಯಿಂದ ರೋಪ್‌ವೇ ರಸ್ತೆ ಸಾರಿಗೆ ಸಚಿವಾಲಯದ ದೊಡ್ಡ ಕೆಲಸವಾಯಿತು. 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕ ಸೋನಪ್ರಯಾಗ–ಕೇದಾರನಾಥ ಮಾರ್ಗ 12.9 ಕಿ.ಮೀ., ವೆಚ್ಚ 4,081 ಕೋಟಿ ರೂಪಾಯಿ. ಎಂಟೊಂಬತ್ತು ತಾಸಿನ ದಾರಿ 36 ನಿಮಿಷಕ್ಕೆ ಇಳಿಯಲಿದೆ, ದಿನಕ್ಕೆ 18,000 ಜನ ಹೋಗಬಹುದು. ಕೇದಾರನ ಗರ್ಭಗುಡಿ ಮಾತ್ರ ಇದ್ದಷ್ಟೇ ಇರುತ್ತದೆ.

ಕರ್ನಾಟಕದಲ್ಲಿ ಮಾತು ಹೆಚ್ಚು, ಹಗ್ಗ ಕಡಿಮೆ. ಚಾಮುಂಡಿ ಬೆಟ್ಟದ ರೋಪ್‌ವೇಯನ್ನು ಮೈಸೂರಿಗರ ವಿರೋಧದ ಮೇಲೆ 2022ರಲ್ಲಿ ಕೈಬಿಟ್ಟದ್ದು ಸರಿಯೇ ಆಯಿತು. ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲೂ ಒಳ್ಳೆಯ ರಸ್ತೆಯೂ ಅಲ್ಲಿವೆ. ನಂದಿಬೆಟ್ಟಕ್ಕೆ 2023ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿತ್ತು, ಉದ್ದ ಸುಮಾರು ಮೂರು ಕಿಲೋಮೀಟರು. ಅಲ್ಲಿ ಜನ ಹೋಗುವುದು ಸೂರ್ಯೋದಯಕ್ಕೆ. ಬೆಳಿಗ್ಗೆ ಐದಕ್ಕೆ ಓಡದ ರೋಪ್‌ವೇ ಬೆಟ್ಟದ ರಸ್ತೆಯ ಒಂದು ಕಾರನ್ನೂ ಕಡಿಮೆ ಮಾಡುವುದಿಲ್ಲ.

ಇನ್ನು ಆನೆಗೊಂದಿಯ ಬಳಿಯ ಹನುಮನ ಬೆಟ್ಟ ಅಂಜನಾದ್ರಿ, ಸೊಲ್ಲಾಪುರದ ಕಡೆಯಿಂದಲೂ ಗಾಡಿ ಮಾಡಿಕೊಂಡು ಹೋಗುವ ಜಾಗ. 575 ಮೆಟ್ಟಿಲು. 2022ರ ರಾಜ್ಯ ಬಜೆಟ್‌ನಲ್ಲಿ ಅದರ ಅಭಿವೃದ್ಧಿಗೆ ನೂರು ಕೋಟಿ ಘೋಷಿಸಿದರು, ರೋಪ್‌ವೇಯ ಮಾತೂ ಅದರ ಜೊತೆ ಸೇರಿಕೊಂಡಿತು. ಹನುಮಮಾಲೆ ವಿಸರ್ಜನೆಯ ದಿನ ಅಲ್ಲಿ ಹತ್ತುವವರೂ ಇಳಿಯುವವರೂ ಬಂಡೆಗಳ ಸಂದಿಯಲ್ಲಿ ಒಬ್ಬರಿಗೊಬ್ಬರು ಉಜ್ಜಿಕೊಂಡೇ ಸಾಗಬೇಕು. ಈ ಎತ್ತರಕ್ಕೆ ಮೊದಲು ಬೇಕಾದ್ದು ಇಳಿಯಲು ಇನ್ನೊಂದು ಮೆಟ್ಟಿಲ ಸಾಲು. ಅದಾದ ಮೇಲೆ, ನಡೆಯಲಾಗದವರಿಗಷ್ಟೇ ಮೀಸಲಾದ ಸಣ್ಣದೊಂದು ಹಳಿಯ ಟ್ರಾಲಿ ಸಾಕು. ತಾಸಿಗೆ ಸಾವಿರ ಜನರನ್ನು ಆ ಬಂಡೆಯ ತುದಿಗೆ ತಂದು ಸುರಿಯುವ ಯಂತ್ರ ಬೇಡ.