ರಾಯದುರ್ಗದ ಗುಡ್ಡಕ್ಕೆ ಹೆಸರು ಬಂದ ಬಗೆ

ನಮ್ಮ ಕಡೆ ‘ದುರ್ಗಕ್ಕೆ ಹೋಗಿದ್ದೆ’ ಅಂದರೆ ‘ಯಾವ ದುರ್ಗ?’ ಅಂತ ಕೇಳಿಯೇ ಕೇಳುತ್ತಾರೆ. ಚಿತ್ರದುರ್ಗ ಒಂದು, ಕಲ್ಯಾಣದುರ್ಗ ಒಂದು, ರಾಯದುರ್ಗ ಇನ್ನೊಂದು. ಈ ರಾಯದುರ್ಗದಲ್ಲಿ ಗುಡ್ಡ ಎಲ್ಲಿಗೆ ಮುಗಿಯಿತು, ಊರು ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಗುಡ್ಡಕ್ಕೆ ಎರಡು ತಲೆ, ನಡುವೆ ತಗ್ಗು. ಆ ತಗ್ಗಿನಲ್ಲೂ ಅದರ ಮೇಲೂ ಮನೆಗಳಿದ್ದವೆಂದು ಬ್ರಿಟಿಷರ ಕಾಲದ ಬಳ್ಳಾರಿ ಗೆಜೆಟಿಯರಿನಲ್ಲೇ ಬರೆದಿದೆ. ಅಲ್ಲಿವರೆಗೆ ಮುದುಕರೂ ಹತ್ತಬಹುದು. ಅಲ್ಲಿಂದ ತುದಿಯ ಕೋಟೆಗೆ ಮಾತ್ರ ಕಡಿದಾದ ದಾರಿ. ತುದಿ ಸಮುದ್ರಮಟ್ಟದಿಂದ 2,727 ಅಡಿ.

ನಾನು ಮೇಷ್ಟ್ರಾಗಿದ್ದಾಗ ಬಹಳ ವರ್ಷ ಒಂದು ತಪ್ಪು ಪಾಠ ಹೇಳಿದ್ದೇನೆ. ರಾಯ ಎಂದರೆ ಕೃಷ್ಣದೇವರಾಯ, ಅವನ ದುರ್ಗವೇ ರಾಯದುರ್ಗ ಎಂದು. ಯಾರೂ ತಿದ್ದಲಿಲ್ಲ. ಒಂದು ವರ್ಷ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗ, ಬಾಗಿಲ ಕಲ್ಲಿನ ಹತ್ತಿರ ಕೂತು ಬುತ್ತಿ ಬಿಚ್ಚುತ್ತಿದ್ದ ಬೋಯರ ಹುಡುಗನೊಬ್ಬ, ‘ಸಾ, ಈ ಕೋಟೆ ನಮ್ಮೋರು ಕಟ್ಟಿದ್ದು ಅಂತಾನೆ ನಮ್ಮ ತಾತ. ರಾಯ ಎಲ್ಲಿಂದ ಬಂದ?’ ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ‘ಊಟ ಮಾಡಪ್ಪ, ಆಮೇಲೆ ಹೇಳ್ತೀನಿ’ ಅಂದು ತಪ್ಪಿಸಿಕೊಂಡೆ.

ಆಮೇಲೆ ಹುಡುಕಿ ಓದಿದೆ. ಆ ಮುದುಕನ ಮಾತೇ ಸರಿ. ಇದು ಮೊದಲಿಗೆ ಬೇಡರ, ಅಂದರೆ ಬೋಯ ನಾಯಕರ ನೆಲೆ. ಕೋಟೆ ಕಟ್ಟಿದವನು ಜುಂಗನಾಯಕ ಎಂದು ಒಂದು ಹೇಳಿಕೆ, ಬೊಮ್ಮಲ್ಲನಾಯಕ ಎಂದು ಇನ್ನೊಂದು. ಇಬ್ಬರೂ ಬೇಡರೇ. ಅವರು ಹತೋಟಿಗೆ ಸಿಗಲಿಲ್ಲವೆಂದು ವಿಜಯನಗರದ ಅರಸರು ಭೂಪತಿರಾಯ ಎಂಬ ಅಧಿಕಾರಿಯನ್ನು ಕಳಿಸಿದರು. ಅವನು ಬೇಡರನ್ನು ಹೊರಗಟ್ಟಿ ತಾನೇ ಆಳಿದ. ಗುಡ್ಡಕ್ಕೆ ತೆಲುಗಿನಲ್ಲಿ ‘ಭೂಪತಿರಾಯಿನಿಕೊಂಡ’ ಎಂದು ಹೆಸರಾಯಿತು. ಅದೇ ಮೊಟಕಾಗಿ ರಾಯದುರ್ಗ. ನಾನು ಪಾಠ ಹೇಳಿದ ರಾಯ ಹಂಪಿಯ ಅರಸನಲ್ಲ, ಅರಸನ ಅಧಿಕಾರಿ. ಕಟ್ಟಿದವರ ಹೆಸರು ಹೋಯಿತು, ಬಿಡಿಸಿಕೊಂಡವನ ಹೆಸರು ಗುಡ್ಡಕ್ಕೂ ಬಂತು, ಊರಿಗೂ ಬಂತು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಬೇಡರು ಮತ್ತೆ ಗುಡ್ಡ ಹಿಡಿದರು. ಆದರೆ ಹಳೆಯ ಹೆಸರನ್ನು ಯಾಕೆ ತರಲಿಲ್ಲವೋ! ನನಗೆ ಅನ್ನಿಸುವುದೇನೆಂದರೆ, ಸಂತೆ ಹೋಗುವ ಜನರ ಬಾಯಿಗೆ ಹತ್ತಿದ ಹೆಸರನ್ನು ಕೋಟೆ ಗೆದ್ದಷ್ಟು ಸುಲಭವಾಗಿ ಗೆಲ್ಲಲು ಆಗುವುದಿಲ್ಲ. ಮುಂದೆ ಕುಂದುರ್ಪಿ ಕಡೆಯಿಂದ ಬಂದ ಕೋನೇಟಿ ನಾಯಕನ ಮನೆತನ ಗುಡ್ಡವನ್ನು ಹಿಡಿಯಿತು. ಆ ವಂಶದ ವೆಂಕಟಪತಿ ನಾಯಕ ಹೈದರನೊಂದಿಗೆ ಚೆನ್ನಾಗಿದ್ದ. 1786ರಲ್ಲಿ ಟಿಪ್ಪು ಆದವಾನಿಗೆ ಮುತ್ತಿಗೆ ಹಾಕಿದಾಗ ಮಾತ್ರ ನೆರವಿಗೆ ಹೋಗಲಿಲ್ಲ. ಆ ಸಿಟ್ಟಿಗೆ ಟಿಪ್ಪು ಮೋಸದಿಂದ ರಾಯದುರ್ಗ ಹಿಡಿದು ಅವನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. 1800ರಲ್ಲಿ ಈ ಸೀಮೆ ಕಂಪನಿಯವರ ಕೈ ಸೇರಿತು.

ಈ ನಾಯಕರೆಲ್ಲರಿಗಿಂತ ಬೇರೆಯೇ ಒಂದು ಗುರುತು ಗುಡ್ಡದ ಮೇಲಿದೆ. ರಸಸಿದ್ಧರ ಗವಿಗಳಲ್ಲಿ ಬಂಡೆಗೆ ಕೆತ್ತಿದ ಜೈನ ಮೂರ್ತಿಗಳು. ನೋಡಲು ಹೋಗುವವರು ಕಡಿಮೆ. ಹೆಚ್ಚಿನವರು ವೆಂಕಟರಮಣನ ಗುಡಿಗೆ ಕೈಮುಗಿದು, ದಶಭುಜ ಗಣಪತಿಗೆ ಕಾಯಿ ಒಡೆಸಿ ಬಸ್ ಹತ್ತುತ್ತಾರೆ.

ನಮ್ಮ ತಂದೆಯ ಕಾಲಕ್ಕೆ ಇದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಕೋರ್ಟು ಕಚೇರಿ ಅನಂತಪುರಕ್ಕೆ ತಿರುಗಿತು. ಸೀರೆ, ಮದುವೆ, ನೆಂಟಸ್ತನ ಮಾತ್ರ ಮೊಳಕಾಲ್ಮೂರು, ಬಳ್ಳಾರಿ ಕಡೆಗೇ ಉಳಿಯಿತು.

ಆ ಹುಡುಗನಿಗೆ ಮುಂದಿನ ವಾರ ಉತ್ತರ ಹೇಳಿದೆ, ಇಡೀ ತರಗತಿಯ ಮುಂದೆ, ನಾನು ತಪ್ಪು ಹೇಳಿದ್ದೆ ಎಂದೇ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, ‘ಹಂಗಾದ್ರೆ ಪರೀಕ್ಷೆಗೆ ಯಾವ್ದು ಬರೀಬೇಕು ಸಾ?’ ಅಂದ.