ಸುಡಲು ಹೊರಟ ಸೂಜಿ ನಡುಕ ನಿಲ್ಲಿಸಿತು

1987ರ ಮಾತು. ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಗ್ರೆನೋಬಲ್ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೊಂದು ನಡೆದಿತ್ತು. ರೋಗಿಗೆ ಪೂರ್ಣ ಎಚ್ಚರವಿತ್ತು. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ; ಬುರುಡೆಯ ಮೇಲಿನ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಬುರುಡೆಯಲ್ಲಿ ಕೊರೆದ ಸಣ್ಣ ರಂಧ್ರದ ಮೂಲಕ ತೆಳುವಾದ ಸೂಜಿಯೊಂದು ಮಿದುಳಿನ ಆಳದ ಥಲಾಮಸ್ ಎಂಬ ಭಾಗಕ್ಕೆ ಇಳಿದಿತ್ತು. ರೋಗಿಯ ಕೈ ಎಡೆಬಿಡದೆ ನಡುಗುತ್ತಿತ್ತು. ನಡುಕದ ಸಂಕೇತಗಳು ಹಾದುಹೋಗುವ ಆ ತಾಣದ ಒಂದು ಚೂರನ್ನು ಸುಟ್ಟುಬಿಡುವುದು ಶಸ್ತ್ರವೈದ್ಯರ ಉದ್ದೇಶ.

ಸುಟ್ಟದ್ದು ಮತ್ತೆ ಬೆಳೆಯದು. ಹಾಗಾಗಿ ಸೂಜಿಯ ತುದಿ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಮೊದಲು ಅಲ್ಪ ವಿದ್ಯುತ್ ಹರಿಸಿ ನೋಡುವುದು ರೂಢಿ. ಅಂದು ಶಸ್ತ್ರವೈದ್ಯ ಅಲಿಂ ಲೂಯಿ ಬೆನಾಬಿದ್ ವಿದ್ಯುತ್ತಿನ ಮಿಡಿತವನ್ನು ಕುತೂಹಲದಿಂದ ಏರಿಸುತ್ತ ಹೋದರು. ಸೆಕೆಂಡಿಗೆ 100ರ ಸಮೀಪ ಬಂದಾಗ ಕೈ ಥಟ್ಟನೆ ನಿಶ್ಚಲವಾಯಿತು. ಏನೋ ಎಡವಟ್ಟಾಯಿತೆಂದು ಗಾಬರಿಯಾದ ಅವರು ವಿದ್ಯುತ್ ನಿಲ್ಲಿಸಿ ರೋಗಿಯ ಕ್ಷಮೆ ಕೇಳಿದರು. ರೋಗಿಗೋ ಹಿಗ್ಗು! ಮತ್ತೆ ಹರಿಸಿದರು, ನಡುಕ ಮತ್ತೆ ನಿಂತಿತು. ನಿಲ್ಲಿಸಿದರೆ ಮರಳಿ ಬಂತು.

ಜಾಗ ಪರೀಕ್ಷಿಸಲು ಬಳಸುತ್ತಿದ್ದ ವಿದ್ಯುತ್ತೇ ಚಿಕಿತ್ಸೆಯಾಗಬಾರದೇಕೆ? ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’ ಅಥವಾ ಡಿಬಿಎಸ್ ಎಂದು ಹೆಸರಾದ ಚಿಕಿತ್ಸೆಯ ಬೀಜ ಈ ಪ್ರಶ್ನೆಯಲ್ಲಿತ್ತು.

ಬೆನಾಬಿದ್ ಹುಟ್ಟಿದ್ದು 1942ರಲ್ಲಿ, ಅದೇ ಗ್ರೆನೋಬಲ್‌ನಲ್ಲಿ. ತಂದೆ ಅಲ್ಜೀರಿಯಾ ಮೂಲದ ವೈದ್ಯರು. ವೈದ್ಯನಾಗಬೇಕೋ ಭೌತವಿಜ್ಞಾನಿಯಾಗಬೇಕೋ ಎಂಬ ಗೊಂದಲದಲ್ಲಿದ್ದ ಯುವಕ ಕೊನೆಗೆ ಎರಡೂ ಆದರು. 1978ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯುವ ವೇಳೆಗೆ ಅವರು ಮಿದುಳಿನ ಶಸ್ತ್ರವೈದ್ಯರೂ ಆಗಿದ್ದರು. ವಿದ್ಯುತ್ತಿನ ಗುಂಡಿ ತಿರುಗಿಸುವ ಆ ಕುತೂಹಲ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ನಡುಕದ ಕಾಯಿಲೆ ಮಾತ್ರ ಹಳೆಯದು. ಆಯುರ್ವೇದ ಅದನ್ನು ಕಂಪವಾತವೆಂದು ಕರೆದಿತ್ತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯನ್ನು ಗಮನಿಸಿ ಬರೆದ ಪುಸ್ತಿಕೆಯಿಂದಾಗಿ ಅವರ ಹೆಸರೇ ಅದಕ್ಕೆ ಅಂಟಿತು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತ ಹೋಗುವುದೇ ಕಾಯಿಲೆಯ ಮೂಲ. 1960ರ ದಶಕದ ಕೊನೆಯಲ್ಲಿ ಬಂದ ಎಲ್-ಡೋಪಾ ಔಷಧ ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸಿತು. (ಮೈಗೆ ತಾಗಿದರೆ ತುರಿಕೆ ಹುಟ್ಟಿಸುವ ನಮ್ಮ ಬೇಲಿಯ ನಸುಗುನ್ನಿಯ ಬೀಜದಲ್ಲಿ ಇದೇ ವಸ್ತುವಿದೆ. ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿದ್ದರು.) ಆದರೆ ವರ್ಷಗಳು ಕಳೆದಂತೆ ಔಷಧದ ಪ್ರಭಾವ ಏರುಪೇರಾಗಿ, ಬೇಡದ ಕುಣಿತದಂಥ ಚಲನೆಗಳು ರೋಗಿಯನ್ನು ಕಾಡತೊಡಗಿದವು.

ಔಷಧ ಬರುವ ಮುನ್ನ ಶಸ್ತ್ರಚಿಕಿತ್ಸೆಯೇ ದಾರಿಯಾಗಿತ್ತು. 1952ರಲ್ಲಿ ಅಮೆರಿಕದ ಇರ್ವಿಂಗ್ ಕೂಪರ್ ಶಸ್ತ್ರಚಿಕಿತ್ಸೆಯ ನಡುವೆ ಆಕಸ್ಮಿಕವಾಗಿ ಹರಿದ ರಕ್ತನಾಳವೊಂದನ್ನು ಕಟ್ಟಬೇಕಾಯಿತು. ರೋಗಿ ಎಚ್ಚೆತ್ತಾಗ ನಡುಕ ಮಾಯವಾಗಿತ್ತು! ಬೆಂಗಳೂರಿನ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕ ಡಾ. ಆರ್. ಎಂ. ವರ್ಮಾ ಅವರೂ ಪಾರ್ಕಿನ್ಸನ್ ಶಸ್ತ್ರಚಿಕಿತ್ಸೆಗೆ ತಮ್ಮದೇ ವಿಧಾನವೊಂದನ್ನು ರೂಪಿಸಿದ್ದರು. ಮಿದುಳಿನ ಚೂರನ್ನು ನಾಶಪಡಿಸುವ ಈ ಚಿಕಿತ್ಸೆಗಳಿಗೆ ಒಂದು ಗಡಿ ಇತ್ತು. ಒಂದು ಪಾರ್ಶ್ವದಲ್ಲಿ ಮಾಡಬಹುದು. ಎರಡೂ ಕಡೆ ಮಾಡಿದರೆ ಮಾತು ತೊದಲುವ, ನುಂಗಲು ಕಷ್ಟವಾಗುವ ಅಪಾಯ. ಬಲಗೈ ನಡುಕ ನಿಂತವನು ಎಡಗೈ ನಡುಕದೊಂದಿಗೇ ಬಾಳಬೇಕಿತ್ತು.

ಬೆನಾಬಿದ್ ಮತ್ತು ಅವರ ಸಹೋದ್ಯೋಗಿ, ನರರೋಗ ತಜ್ಞ ಪಿಯೆರ್ ಪೊಲಾಕ್ ಮೊದಲು ಕೈಹಾಕಿದ್ದು ಈ ಕಗ್ಗಂಟಿಗೆ. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ವಿದ್ಯುತ್ ತಂತಿ ಇಟ್ಟರು. ಹೊಸ ಉಪಕರಣವನ್ನೇನೂ ಕಂಡುಹಿಡಿಯಬೇಕಿರಲಿಲ್ಲ. ತೀವ್ರ ನೋವಿನ ಚಿಕಿತ್ಸೆಗೆಂದು ಮಿದುಳಿನಲ್ಲಿ ಇಡುತ್ತಿದ್ದ ತಂತಿಗಳು ಆಗಲೇ ಇದ್ದವು. ತಂತಿಯ ದಪ್ಪ ಒಂದೂಕಾಲು ಮಿಲಿಮೀಟರಿನಷ್ಟು. ಅದು ಚರ್ಮದಡಿಯಲ್ಲೇ ಕಿವಿಯ ಹಿಂಭಾಗದಿಂದ ಕುತ್ತಿಗೆಗೆ ಇಳಿದು, ಎದೆಯಲ್ಲಿ ಹುದುಗಿಸಿದ ಬ್ಯಾಟರಿ ಪೆಟ್ಟಿಗೆಯನ್ನು ಸೇರುತ್ತದೆ. ಹೃದಯದ ಪೇಸ್‌ಮೇಕರ್ ನೋಡಿದವರಿಗೆ ಇದು ಅಪರಿಚಿತವೆನಿಸದು. ಮಿಡಿತ ಹೆಚ್ಚಾಯಿತೇ, ತಗ್ಗಿಸಬಹುದು. ತೊಂದರೆಯಾಯಿತೇ, ಆರಿಸಬಹುದು.

‘ಆರಿಸಬಹುದು’ ಎಂಬ ಈ ಗುಣದಿಂದಲೇ ಮುಂದಿನ ಸಾಹಸ ಸಾಧ್ಯವಾದದ್ದು. ಥಲಾಮಸ್‌ಗೆ ವಿದ್ಯುತ್ ಕೊಟ್ಟರೆ ನಡುಕ ನಿಲ್ಲುತ್ತಿತ್ತೇ ಹೊರತು ಪಾರ್ಕಿನ್ಸನ್ ರೋಗಿಯ ಬಿಗಿತ, ನಿಧಾನಗತಿ ಕಡಿಮೆಯಾಗುತ್ತಿರಲಿಲ್ಲ. 1990ರಲ್ಲಿ ಅಮೆರಿಕದ ಮಹ್ಲಾನ್ ಡಿಲಾಂಗ್ ಅವರ ತಂಡ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಕಡಲೆಕಾಳಿನಷ್ಟು ಭಾಗವನ್ನು ನಾಶಮಾಡಿದರೆ ಪಾರ್ಕಿನ್ಸನ್ ಲಕ್ಷಣಗಳುಳ್ಳ ಕೋತಿಗಳು ಸರಾಗವಾಗಿ ಚಲಿಸುತ್ತವೆ ಎಂದು ತೋರಿಸಿತು. ಮನುಷ್ಯರಲ್ಲಿ ಅದನ್ನು ಮುಟ್ಟಲು ಶಸ್ತ್ರವೈದ್ಯರು ಹೆದರುತ್ತಿದ್ದರು. ಅಲ್ಲಿ ಗಾಯವಾದರೆ ಕೈಕಾಲುಗಳು ಹಿಡಿತ ತಪ್ಪಿ ಬೀಸಾಡತೊಡಗುವುದು ವೈದ್ಯಲೋಕಕ್ಕೆ ಗೊತ್ತಿದ್ದ ಸಂಗತಿ. ಬೆನಾಬಿದ್ ಸುಡಬೇಕಿರಲಿಲ್ಲವಲ್ಲ! 1993ರಲ್ಲಿ ಅಲ್ಲಿಗೇ ತಂತಿ ಇಳಿಸಿದರು. 1998ರಲ್ಲಿ ಗ್ರೆನೋಬಲ್ ತಂಡ ಪ್ರಕಟಿಸಿದ ವರದಿಯಂತೆ, ಒಂದು ವರ್ಷದ ಬಳಿಕ ಔಷಧವಿಲ್ಲದ ಹೊತ್ತಿನಲ್ಲಿ ರೋಗಿಗಳ ಚಲನೆ ಶೇಕಡ 60ರಷ್ಟು ಸುಧಾರಿಸಿತ್ತು; ಔಷಧದ ಪ್ರಮಾಣ ಅರ್ಧಕ್ಕೆ ಇಳಿದಿತ್ತು.

ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ಗೆ ಈ ಚಿಕಿತ್ಸೆಯನ್ನು ಒಪ್ಪಿತು. 2014ರಲ್ಲಿ ಬೆನಾಬಿದ್ ಮತ್ತು ಡಿಲಾಂಗ್ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು.

ಹಾಗೆಂದು ಇದನ್ನು ಪವಾಡವೆನ್ನುವುದು ತಪ್ಪಾದೀತು. ಕೋಶಗಳು ಸಾಯುವುದನ್ನು ವಿದ್ಯುತ್ ತಡೆಯದು. ಕಾಯಿಲೆ ಒಳಗೊಳಗೇ ಮುಂದುವರಿಯುತ್ತದೆ. ಮರೆವಿಗೆ ಇದು ಮದ್ದಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ, ಸೋಂಕಿನ ಭಯವಿದೆ. ಕೆಲವರಲ್ಲಿ ಮಾತು ಮಂದವಾಗುತ್ತದೆ, ಮನಸ್ಸಿನ ಸ್ಥಿತಿ ಬದಲಾಗುತ್ತದೆ. ಭಾರತದಲ್ಲಿ ತಗಲುವ ಖರ್ಚು ಹಲವು ಲಕ್ಷ ರೂಪಾಯಿ. ವೇಗದ ಮಿಡಿತ ನಡುಕವನ್ನು ಹೇಗೆ ನಿಲ್ಲಿಸುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಬೆನಾಬಿದ್ ಅಲ್ಲಿಗೇ ನಿಲ್ಲಲಿಲ್ಲ. ಗ್ರೆನೋಬಲ್‌ನಲ್ಲೇ ಕ್ಲಿನಾಟೆಕ್ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. ಈ ಬಾರಿ ಮಿದುಳಿಗೆ ವಿದ್ಯುತ್ ಕೊಡುವ ಬದಲು, ಮಿದುಳಿನದೇ ವಿದ್ಯುತ್ ಸಂಕೇತಗಳನ್ನು ಹೊರಕ್ಕೆ ತರುವ ಯತ್ನ. ಕೈಕಾಲು ಸ್ವಾಧೀನ ತಪ್ಪಿದ ಯುವಕನೊಬ್ಬ ಯಾಂತ್ರಿಕ ಕವಚ ತೊಟ್ಟು, ಮಿದುಳಿನ ಸಂಕೇತಗಳಿಂದಲೇ ಅದರ ಕೈಕಾಲುಗಳನ್ನು ಆಡಿಸಿದ ವರದಿ 2019ರಲ್ಲಿ ಪ್ರಕಟವಾದಾಗ ಅವರಿಗೆ 77 ವರ್ಷ. ಯುವಕ ಬೀಳದಂತೆ ಚಾವಣಿಯಿಂದ ಪಟ್ಟಿಗಳ ಆಸರೆ ಕೊಡಲಾಗಿತ್ತು.