ಅಂಟಕ್ಕಿಯೂ ಕೊಡಗಿನ ಪುಟ್ಟೂ

ಅರಸರ ಚರಿತ್ರೆಗೆ ಶಾಸನಗಳುಂಟು, ಕೈಫಿಯತ್ತುಗಳುಂಟು. ಕೊಡಗಿನ ಹಾಲೇರಿ ವಂಶಕ್ಕಾದರೆ ದೊಡ್ಡ ವೀರರಾಜೇಂದ್ರನು ತಾನೇ ಬರೆಯಿಸಿದ ‘ರಾಜೇಂದ್ರನಾಮೆ’ಯೂ ಉಂಟು. ಅಡುಗೆಯ ಚರಿತ್ರೆಗೆ ಅಂಥ ಆಧಾರಗಳು ಅಪರೂಪ. ಅದು ಪಾತ್ರೆಯ ಆಕಾರದಲ್ಲಿ, ತಿನಿಸಿನ ಹೆಸರಿನಲ್ಲಿ, ಹೆಂಗಸರ ಕೈಯ ಅಭ್ಯಾಸದಲ್ಲಿ ಅಡಗಿಕೊಂಡಿರುತ್ತದೆ. ಅದನ್ನು ಓದಬೇಕಾದರೆ ಉಂಡೇ ಓದಬೇಕು. ಈ ಹೊತ್ತು ನಾನು ಹಾಗೆ ಉಂಡು ಓದಿದ ಒಂದು ಸಣ್ಣ ಅಧ್ಯಾಯವನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ಅದರ ವಸ್ತು ಅಕ್ಕಿ: ಚೀನದ ಅಂಟಕ್ಕಿ ಮತ್ತು ನಮ್ಮ ಕೊಡಗಿನ ಪುಟ್ಟಿನ ಅಕ್ಕಿ.

ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ದಾರಿಯಲ್ಲಿ ಸಂಜೆಯಾಯಿತೆಂದರೆ ‘ಚೈನೀಸ್’ ಎಂಬ ಹಲಗೆ ತೂಗಿದ ತಳ್ಳುಗಾಡಿಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಸಿಗುವುದು ಗೋಬಿ ಮಂಚೂರಿ, ನೂಡಲ್ಸ್, ಹುರಿದ ಅನ್ನ. ಮಂಚೂರಿಯೆಂಬ ಈ ಬಗೆಯನ್ನು 1975ರಲ್ಲಿ ಮುಂಬಯಿಯಲ್ಲಿ, ಕಲ್ಕತ್ತದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಕೋಳಿಮಾಂಸದಲ್ಲಿ ಮೊದಲು ಮಾಡಿದರೆಂದು ಹೇಳುವುದುಂಟು. ಮಂಚೂರಿಯದ ಜನರಿಗೆ ಅದರ ಗಂಧವೂ ಇಲ್ಲ. ಅದರ ಕೆಂಪು ನಮ್ಮ ರಾಜ್ಯದಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಯಿತು. ದೂರದಿಂದ ಬಂದದ್ದಕ್ಕೆಲ್ಲ ಚೀನದ ಹೆಸರಿಡುವುದು ನಮ್ಮಲ್ಲಿ ಹಳೆಯ ರೂಢಿ. ಅಮೆರಿಕ ಖಂಡದಿಂದ ಬಂದ ಸಿಹಿಗುಂಬಳಕ್ಕೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ‘ಚೀನಿಕಾಯಿ’ ಎಂದೇ ಹೆಸರು! ಹಾಗಾದರೆ ನಿಜವಾದ ಚೀನದ ಬೀದಿಯೂಟ ಎಂಥದು? ಅದನ್ನು ಕೊಡಗಿನ ನಾಲಗೆ ಹೇಗೆ ಗುರುತಿಸೀತು?

ಈ ಪ್ರಶ್ನೆಗೆ ಉತ್ತರದ ಮೊದಲ ತುಣುಕು ನನಗೆ ಸಿಕ್ಕಿದ್ದು ಕಲ್ಕತ್ತದ ಟಿರೆಟ್ಟಾ ಬಜಾರಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಿಂದ ಆ ನಗರದಲ್ಲಿ ನೆಲೆಗೊಳ್ಳುತ್ತ ಬಂದ ಚೀನೀಯರ ಹಳೆಯ ಕೇರಿ ಅದು. 1962ರ ಯುದ್ಧದ ಹೊತ್ತಿನಲ್ಲಿ ಈ ದೇಶದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾದವರಲ್ಲಿ ಅನೇಕರು ದೇಶವನ್ನೇ ಬಿಟ್ಟರು. ಉಳಿದವರು ಭಾನುವಾರದ ಮುಂಜಾನೆ ಬೀದಿಯ ಅಂಚಿನಲ್ಲಿ ಹಬೆಯಾಡುವ ಪಾತ್ರೆಗಳನ್ನಿಟ್ಟುಕೊಂಡು ತಿನಿಸು ಮಾರುವ ಪದ್ಧತಿಯನ್ನು ಉಳಿಸಿಕೊಂಡು ಬಂದರು. ಅಲ್ಲಿ ಅಂಟಕ್ಕಿಯ ಹಿಟ್ಟಿಗೆ ಎಳ್ಳು ಮೆತ್ತಿ ಕರಿದ ಉಂಡೆಯನ್ನು ತಿಂದೆ. ಎಲೆಯಲ್ಲಿ ಮುಮ್ಮೂಲೆಯಾಗಿ ಮಡಿಸಿ ದಾರ ಸುತ್ತಿ ಬೇಯಿಸಿದ ಅಂಟಕ್ಕಿಯ ಪೊಟ್ಟಣವನ್ನೂ ಬಿಚ್ಚಿದೆ. ಎಲೆ ಬಿಚ್ಚಿದೊಡನೆ ಬಂದ ಹಸಿರು ಹಬೆಯ ವಾಸನೆ ನನಗೆ ಪರಕೀಯವಾಗಿರಲಿಲ್ಲ. ಕೊಡಗಿನ ಮಳೆಗಾಲದಲ್ಲಿ ಹಲಸಿನ ಹಣ್ಣಿನ ತೊಳೆಯನ್ನೋ ಬಾಳೆಹಣ್ಣನ್ನೋ ಅಕ್ಕಿತರಿಯೊಡನೆ ಕಲಸಿ, ಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವ ಕೂವಲೆ ಪುಟ್ಟಿನ ವಾಸನೆ ಅದರ ಹತ್ತಿರದ ನೆಂಟ.

ಆದರೆ ಬಾಯಿಗಿಟ್ಟಾಗ ವ್ಯತ್ಯಾಸ ತಿಳಿಯಿತು. ಕೂವಲೆ ಪುಟ್ಟು ಹಲ್ಲಿಗೆ ಮಣಿದು ಪುಡಿಯಾಗುತ್ತದೆ; ಚೀನದ ಪೊಟ್ಟಣದ ಅಕ್ಕಿ ಕಾಳುಕಾಳಾಗಿ ಕಂಡರೂ ಒಂದನ್ನೊಂದು ಬಿಡದೆ ಎಳೆದುಕೊಂಡು ಬರುತ್ತದೆ. ಈ ಅಂಟು ಬೆರೆಸಿದ್ದಲ್ಲ, ಧಾನ್ಯದ ಹುಟ್ಟುಗುಣ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ನಾವು ಉಣ್ಣುವ ಅಕ್ಕಿಯಲ್ಲಿ ಎರಡೂ ಇರುತ್ತವೆ. ಅಂಟಕ್ಕಿಯಲ್ಲಿ ಮೊದಲನೆಯದು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ವಂಶವಾಹಿಯಲ್ಲಿ ಎಂದೋ ಆದ ಮಾರ್ಪಾಟಿನ ಫಲ ಇದು. ಆ ಮಾರ್ಪಾಟು ಬಹುಶಃ ಆಗ್ನೇಯ ಏಷ್ಯದಲ್ಲಿ ಒಮ್ಮೆಯೇ ಸಂಭವಿಸಿ, ರೈತರ ಕೈಯಿಂದ ಕೈಗೆ ಹರಡಿತೆಂದು 2002ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಸಾವಿರಾರು ವರ್ಷ ಜನ ಆ ಕಾಳನ್ನು ಬೇಕೆಂದೇ ಆರಿಸಿ ಬಿತ್ತಿದರು. ನಮ್ಮ ದೇಶದಲ್ಲಿ ಅಸ್ಸಾಮಿನ ಬೋರಾ ಅಕ್ಕಿ, ಮಣಿಪುರದ ಕಪ್ಪು ಚಾಕ್‌ಹಾವೊ ಇದೇ ಬಳಗದವು. ಚೆಟ್ಟಿನಾಡಿನವರು ಬರ್ಮಾ ವ್ಯಾಪಾರದ ಕಾಲದಲ್ಲಿ ತಂದ ಕವುಣಿ ಅಕ್ಕಿಯೂ ಅಂಥದೇ. ಕೊಡಗಿನ ಗದ್ದೆಗಳಿಗೆ ಈ ಬಳಗ ಬಂದು ನೆಲೆಸಲಿಲ್ಲ.

ಚೀನದಲ್ಲಿ ಆ ಎಲೆಪೊಟ್ಟಣದ ಹೆಸರು ಜೋಂಗ್‌ಜಿ. ಕ್ರಿಸ್ತಪೂರ್ವ 278ರ ಸುಮಾರಿಗೆ, ತನ್ನ ರಾಜ್ಯದ ರಾಜಧಾನಿ ಶತ್ರುವಶವಾದ ದುಃಖದಲ್ಲಿ ಮೀಲೋ ನದಿಗೆ ಹಾರಿದ ಚೂ ನಾಡಿನ ಕವಿ, ಮಂತ್ರಿ ಚೂ ಯುವಾನನ ನೆನಪಿಗೆ ಜನ ನೀರಿಗೆ ಅನ್ನ ಚೆಲ್ಲಿದರೆಂದು ಅಲ್ಲಿನ ಐತಿಹ್ಯ. ಅವರ ಐದನೆಯ ಚಾಂದ್ರಮಾಸದ ಐದನೆಯ ದಿನ ಇಂದಿಗೂ ಮನೆಮನೆಯಲ್ಲಿ ಜೋಂಗ್‌ಜಿ ಬೇಯುತ್ತದೆ. ಆ ಅಕ್ಕಿಯ ಅಂಟು ಊಟಕ್ಕಷ್ಟೇ ಬಳಕೆಯಾಗಲಿಲ್ಲ. ಅಂಟಕ್ಕಿಯ ಗಂಜಿಯನ್ನು ಸುಣ್ಣದ ಗಾರೆಗೆ ಬೆರೆಸಿ ಕೋಟೆಗೋಡೆಗಳನ್ನು ಕಟ್ಟಿದರು. ಮಿಂಗ್ ಅರಸರ ಕಾಲದ ಗೋಡೆಗಳಲ್ಲಿ ಆ ಗಂಜಿಯ ಅಂಶ ಇನ್ನೂ ಉಳಿದಿರುವುದನ್ನು ರಸಾಯನ ಪರೀಕ್ಷೆಗಳು ಖಚಿತಪಡಿಸಿವೆ. ಒಂದು ಧಾನ್ಯ ನಾಡೊಂದರ ಕಲ್ಲುಗಳನ್ನೂ ಬೆಸೆಯಿತು.

ಇನ್ನು ಹಬೆಯ ಮಾತು. ಏಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿ, ನಮ್ಮ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನು ಬರೆದಿಟ್ಟ ಹ್ಯೂಯೆನ್ ತ್ಸಾಂಗನು ಈ ದೇಶದ ಅಡುಗೆಮನೆಯನ್ನೂ ನೋಡಿದ್ದ. ಇಲ್ಲಿನವರು ಕಡಾಯಿಗಳನ್ನು ಬಳಸುತ್ತಾರೆ, ಹಬೆಯಲ್ಲಿ ಬೇಯಿಸುವ ಪಾತ್ರೆಯನ್ನು ಅರಿಯರು ಎಂಬರ್ಥದ ಮಾತು ಅವನ ಗ್ರಂಥದಲ್ಲಿದೆ. ತಳದಲ್ಲಿ ತೂತುಗಳಿರುವ ‘ಜೆಂಗ್’ ಎಂಬ ಮಣ್ಣಿನ ಹಬೆಪಾತ್ರೆ ಚೀನದಲ್ಲಿ ನವಶಿಲಾಯುಗದಿಂದಲೇ ಇತ್ತಾದ್ದರಿಂದ ಅದಿಲ್ಲದ ನಾಡು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಅಲ್ಲಿಂದ ಮುನ್ನೂರು ವರ್ಷದೊಳಗೆ ಕನ್ನಡದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ, ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮ ಸಿಗುತ್ತದೆ. ಆಹಾರ ಚರಿತ್ರೆಯ ವಿದ್ವಾಂಸರಾದ ಕೆ. ಟಿ. ಅಚ್ಚಯ್ಯನವರು ಈ ಆಧಾರಗಳನ್ನೆಲ್ಲ ಜೋಡಿಸಿ, ಇಂದಿನ ಇಡ್ಲಿಯ ಹುದುಗು ಮತ್ತು ಹಬೆಯ ವಿದ್ಯೆ ಇಂಡೊನೇಷ್ಯದ ಕಡೆಯಿಂದ ಬಂದಿರಬಹುದೆಂದು ಊಹಿಸಿದರು.

ಊಹೆ ಸೊಗಸಾದದ್ದು. ಆದರೂ ಯಾತ್ರಿಕನು ಕಂಡದ್ದು ಮಠಗಳನ್ನು, ಪಟ್ಟಣಗಳನ್ನು, ರಾಜಮಾರ್ಗಗಳನ್ನು. ಹಬೆಗೆ ವಿಶೇಷ ಪಾತ್ರೆಯೇ ಬೇಕೆಂದಿಲ್ಲ. ಕುದಿಯುವ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದರೂ ಸಾಕು, ನಾಲ್ಕು ಕಡ್ಡಿ ಅಡ್ಡವಿಟ್ಟು ಎಲೆ ಹಾಸಿದರೂ ಸಾಕು. ಕಾಡಿನ ನಾಡಿನಲ್ಲಿ ಇಂಥ ಉಪಾಯ ಎಷ್ಟು ಹಳೆಯದೆಂದು ಯಾವ ಗ್ರಂಥವೂ ಹೇಳಲಾರದು. ಹದಿನೈದನೆಯ ಶತಮಾನದ ಆರಂಭದಲ್ಲಿ ಜೆಂಗ್ ಹೆಯ ಚೀನೀ ನೌಕಾಪಡೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂತು; ಬಾಣಲೆಗೆ ‘ಚೀನಚಟ್ಟಿ’, ಜಾಡಿಗೆ ‘ಚೀನಭರಣಿ’ ಎಂಬ ಮಾತುಗಳು ಮಲೆಯಾಳದಲ್ಲಿ ಉಳಿದಿವೆ. ಕೊಡಗಿಗೂ ಆ ಕರಾವಳಿಗೂ ಘಟ್ಟದ ದಾರಿಗಳಲ್ಲಿ ಬಹುಕಾಲದ ಕೊಡುಕೊಳೆ ಇತ್ತು. ಅಷ್ಟರಿಂದಲೇ ಪುಟ್ಟು ಚೀನದಿಂದ ಬಂತೆಂದು ಹೇಳುವುದು ಚರಿತ್ರೆಯಾಗಲಾರದು. ಒಂದೇ ಬಗೆಯ ಮಳೆ, ಒಂದೇ ಬಗೆಯ ಬಿದಿರು, ಕೆಸರಿನ ಗದ್ದೆ ಇರುವಲ್ಲಿ ಮನುಷ್ಯನ ಕೈ ಒಂದೇ ಬಗೆಯ ಉಪಾಯವನ್ನು ಎರಡು ಬಾರಿ ಕಂಡುಕೊಂಡರೆ ಆಶ್ಚರ್ಯವೇನು? ಎಳೆ ಬಿದಿರಿನ ಕಳಲೆಯನ್ನು ಅವರೂ ಉಣ್ಣುತ್ತಾರೆ, ಮಳೆಗಾಲದಲ್ಲಿ ಬೈಂಬಳೆ ಕರಿಯೆಂದು ನಾವೂ ಉಣ್ಣುತ್ತೇವೆ.

ಕೊಡಗಿನ ವಿಶೇಷ ಇರುವುದು ಬೇರೆಡೆ. ಅಂಟಿಲ್ಲದ ಅಕ್ಕಿಗೆ ಅಂಟು ತರಿಸಿದ ಜಾಣ್ಮೆ ಇಲ್ಲಿನದು. ಕಡಂಬುಟ್ಟಿಗೆ ಅಕ್ಕಿಯನ್ನು ತರಿಯಾಗಿ ಒಡೆದು, ಉಪ್ಪು ಹಾಕಿದ ಕುದಿನೀರಿಗೆ ಸುರಿದು, ಗಂಟಾಗದಂತೆ ತೊಳಸುತ್ತ ಅರೆಬೇಯಿಸುತ್ತಾರೆ. ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿಡುತ್ತಾರೆ. ಆರಿದ ಮೇಲೆ ಉಂಡೆ ಕಟ್ಟಹೋದರೆ ಬಿರಿಯುತ್ತದೆ. ಒಟ್ಟಿಗೆ ಅಕ್ಕಿಹಿಟ್ಟಿನೊಡನೆ ಅನ್ನವನ್ನು ಸೇರಿಸಿ ನಾದುತ್ತಾರೆ. ಬೆಂದ ಅನ್ನವೇ ಹಸಿ ಹಿಟ್ಟಿಗೆ ಗಾರೆ. ನೂಪುಟ್ಟಿನ ಹಿಟ್ಟನ್ನು ಬೇಯಿಸಿ ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತಿ ಎಳೆ ತೆಗೆಯುತ್ತಾರೆ. ಪಾಪುಟ್ಟಿನಲ್ಲಿ ಹಾಲು, ತೆಂಗಿನತುರಿ ತರಿಯನ್ನು ಹಿಡಿದುಕೊಳ್ಳುತ್ತವೆ. ಹುತ್ತರಿಯ ತಂಬುಟ್ಟಿನಲ್ಲಿ ಹುರಿದಕ್ಕಿಯ ಹಿಟ್ಟನ್ನು ಬೆಸೆಯುವುದು ಕಳಿತ ಬಾಳೆಹಣ್ಣು. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ನೇರಳೆ ರಸದಲ್ಲಿ ಬೇಯುವ ಪಾಯಸವನ್ನು ಕಂಡ ಮಣಿಪುರದವನು ತನ್ನ ಕಪ್ಪಕ್ಕಿಯ ಪಾಯಸವೆಂದೇ ಭಾವಿಸಿಯಾನು. ಅಲ್ಲಿ ಬಣ್ಣ ಕಾಳಿನದು, ಇಲ್ಲಿ ಕಾಡಿನ ಸೊಪ್ಪಿನದು. ಚೀನದಲ್ಲಿ ಬೀಜ ಮಾಡಿದ ಕೆಲಸವನ್ನು ಕೊಡಗಿನಲ್ಲಿ ಕೈ ಮಾಡಿತು. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ಹಿಂದಿನ ದಿನದ ಕಡಂಬುಟ್ಟು ಬೆಳಗಾಗುವುದರೊಳಗೆ ಗಡುಸಾಗುತ್ತದೆ, ಅದನ್ನು ಮತ್ತೆ ಹಬೆಗೆ ಇಡಬೇಕು.

ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ ಮೊದಲಾಗುತ್ತದೆ. ಅಲ್ಲಿಂದ ಅನತಿದೂರದಲ್ಲಿ ಬೈಲುಕುಪ್ಪೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಕಾಡುಭೂಮಿಯನ್ನು ಕೊಟ್ಟದ್ದರಿಂದ 1960–61ರಲ್ಲಿ ಅಲ್ಲಿ ಮೊದಲ ವಸತಿ ಎದ್ದಿತು. ಅಲ್ಲಿನ ಸಣ್ಣ ಹೋಟೆಲುಗಳಲ್ಲಿ ಬಿದಿರಿನದೋ ಅಲ್ಯುಮಿನಿಯಮ್ಮಿನದೋ ಹಬೆಬುಟ್ಟಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ನಾನು ಅಂಟಕ್ಕಿಯ ತಿನಿಸು ಉಂಟೇ ಎಂದು ಒಂದು ಹೋಟೆಲಿನಲ್ಲಿ ವಿಚಾರಿಸಿದೆ. ಒಲೆಯ ಬಳಿಯಿದ್ದ ಹಿರಿಯಾಕೆ ನಕ್ಕು, “ಅದು ಕೆಳನಾಡಿನ ಚೀನದವರ ಊಟ ಸಾರ್, ನಮ್ಮದು ಬಾರ್ಲಿ” ಎಂದರು, ಪಿರಿಯಾಪಟ್ಟಣದ ಕನ್ನಡದಲ್ಲಿ. ನಿಜವೇ. ಬಾರ್ಲಿಯ ಹುರಿಹಿಟ್ಟು ಅವರ ಮೂಲ ಆಹಾರ. ಮೊಮೊ ಗೋದಿಯದು, ಲಾಫಿಂಗ್ ಎಂಬ ಕಾರದ ತಿನಿಸು ಪಿಷ್ಟವನ್ನು ಹೆಪ್ಪುಗಟ್ಟಿಸಿದ್ದು, ಚೀನೀ ಹೆಸರಿನಿಂದ ಬಂದದ್ದು. ಅಕ್ಕಿ ಅವರಿಗೆ ಹಬ್ಬದ ಧಾನ್ಯ: ಲೋಸಾರ್ ಹೊಸವರ್ಷದಂದು ಬೆಣ್ಣೆ, ಸಕ್ಕರೆ, ದ್ರಾಕ್ಷಿ ಬೆರೆಸಿದ ಸಿಹಿಯನ್ನವನ್ನು ಮಂಗಳದ್ರವ್ಯವಾಗಿ ಉಣ್ಣುತ್ತಾರೆ. ಬಾರ್ಲಿ ಬೆಳೆಯದ ಈ ನೆಲದಲ್ಲಿ ಅವರು ಮೆಕ್ಕೆಜೋಳ ಬಿತ್ತಿದರು, ಅಂಗಡಿಯ ಮೈದಾವನ್ನು ಹಿಡಿದರು, ಆದರೆ ಮಡಿಕೆ ಹಾಕುವ ಬೆರಳಿನ ವಿದ್ಯೆಯನ್ನು ಬಿಡಲಿಲ್ಲ. ನೆಲ ಕಳೆದುಕೊಂಡವರು ಕೈಯನ್ನು ಉಳಿಸಿಕೊಂಡರು.

ಈ ಮಾತು ನನ್ನನ್ನು ಮತ್ತೆ ನದಿಯ ಈಚೆಗೆ ತರುತ್ತದೆ. ಚೈನೀಸ್ ಗಾಡಿಗಳೂ ಮೊಮೊ ಅಂಗಡಿಗಳೂ ನಮ್ಮ ಅಡುಗೆಯನ್ನು ಕೆಡಿಸುತ್ತಿವೆಯೆಂದು ಕೊರಗುವವರನ್ನು ಕೇಳಿದ್ದೇನೆ. ನಾನು ಹಾಗೆ ಭಾವಿಸುವುದಿಲ್ಲ. ಪಂದಿ ಕರಿಯ ಜೊತೆಗೆ ಕಡಂಬುಟ್ಟು ಇಂದು ಬೆಂಗಳೂರಿನ ಹೋಟೆಲುಗಳಲ್ಲೂ ಸಿಗುತ್ತದೆ. ಕೊಡಗಿನ ಕೈಗೆ ಸದ್ಯಕ್ಕೆ ಭಯವಿಲ್ಲ. ಭಯವಿರುವುದು ನೆಲಕ್ಕೆ. 1791ರಲ್ಲಿ ಟಿಪ್ಪುವಿನ ಮೇಲೆ ಹೊರಟ ಅಬರ್‌ಕ್ರಾಂಬಿಯ ಸೈನ್ಯಕ್ಕೆ ದವಸ ಒದಗಿಸಿದ ನಾಡು ಇದು. ಇಂದು ಐನ್‌ಮನೆಯ ಮುಂದಿನ ಗದ್ದೆಗಳು ಎಷ್ಟೋ ಕಡೆ ಪಾಳುಬಿದ್ದಿವೆ. ಕೂಲಿ ಹುಟ್ಟುವುದಿಲ್ಲ, ಕಾಡಾನೆಗಳ ಕಾಟ ತಪ್ಪುವುದಿಲ್ಲ, ಕಾಫಿಯ ಮುಂದೆ ಭತ್ತದ ಆದಾಯ ಏನೂ ಅಲ್ಲ. ಶುಂಠಿಗೆ ಗೇಣಿ ಕೊಟ್ಟ ಗದ್ದೆ ಹಲವು ಬಾರಿ ಭತ್ತಕ್ಕೆ ಮರಳುವುದಿಲ್ಲ. 2018ರ ಆಗಸ್ಟಿನ ಭೂಕುಸಿತದಲ್ಲಿ ಬೆಟ್ಟವೇ ಜಾರಿ ಬಂದು ಕೆಲವು ಕಣಿವೆಗಳ ಗದ್ದೆಗಳನ್ನು ಹೂಳಿತು. ಮಳೆನೀರನ್ನು ತಡೆದು ನೆಲಕ್ಕಿಳಿಸುವ ಈ ಗದ್ದೆಗಳು ಕಾವೇರಿಗೂ ಬೇಕಾದವು.

ಹುತ್ತರಿಯ ಹುಣ್ಣಿಮೆಯಲ್ಲಿ ‘ಪೊಲಿ’ ಎಂದು ಕೂಗಿ, ಅಂದರೆ ಸಮೃದ್ಧಿಯಾಗಲೆಂದು ಹರಸಿ, ಕದಿರು ತೆಗೆಯುತ್ತೇವೆ. ಸ್ವಂತ ಗದ್ದೆಯಿಲ್ಲದವರು ನೆರೆಯವರ ಗದ್ದೆಗೆ ಹೋಗುತ್ತಾರೆ. ತಪ್ಪೇನೂ ಇಲ್ಲ, ಕದಿರು ಹಂಚಿಕೊಳ್ಳುವಂಥದೇ. ಆದರೆ ನೆರೆಯವನೂ ಬಿತ್ತುವುದನ್ನು ಬಿಟ್ಟರೆ ಯಾರ ಗದ್ದೆಗೆ ಹೋಗುವುದು? ಬೈಲುಕುಪ್ಪೆಯವರಿಗೆ ನೆಲ ಬಲಾತ್ಕಾರದಿಂದ ತಪ್ಪಿತು. ನಮಗೆ ಅಂಥ ಬಲಾತ್ಕಾರವಿಲ್ಲ. ಗದ್ದೆ ಇನ್ನೂ ನಮ್ಮ ಹೆಸರಿನಲ್ಲೇ ಇದೆ. ಅಂಟಿಲ್ಲದ ಅಕ್ಕಿಯನ್ನು ಬಿಸಿ ಆರುವ ಮುಂಚೆ ಉಂಡೆ ಕಟ್ಟಬೇಕೆಂಬುದು ಕೊಡಗಿನ ಪ್ರತಿ ಮನೆಯ ಹೆಣ್ಣುಮಗಳೂ ಬಲ್ಲ ವಿಷಯ. ಗದ್ದೆಯ ವಿಚಾರದಲ್ಲೂ ಆ ಬಿಸಿ ಇನ್ನೂ ಸ್ವಲ್ಪ ಉಳಿದಿದೆ.